ಗೋಡೆಗೆ ಮುಖಮಾಡಿದ ಅಪ್ಪ

ಸುಣ್ಣದ ವಾಸನೆ ಬಂದರೆ ಈಗಲೂ ವರ್ತಕ ನಗರದ ನಮ್ಮ ಹಳೆಯ ಮನೆಯ ಗೋಡೆ ನೆನಪಾಗುತ್ತದೆ.

ನಾನು ಸಣ್ಣವಳಿದ್ದಾಗ ಒಂದು ದಿನ ಬೆಳಿಗ್ಗೆ ಅವ್ವ ಎಂದಿನಂತೆ ನೀರು ತುಂಬಿ, ಅಪ್ಪನಿಗೆ ಚಹಾ ಮಾಡಿ ಕೊಟ್ಟಳು. ತುರ್ಭೆಯ ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಅಪ್ಪ, ಚಹಾ ಆರಿದರೂ ತಿಳಿಯದೆ, ಗೋಡೆ ನೋಡುತ್ತ ಕೂತಿರುತ್ತಿದ್ದರು. ಹಿಂದಿನ ದಿನ ಟೀವಿಯ ಕುಂಗ್‌ಫೂ ಸಿನೆಮಾದಲ್ಲಿ ಬೋಳುತಲೆಯ ಗುರು ಹಾಗೆಯೇ ಕೂತು ಜ್ಞಾನ ಪಡೆದಿದ್ದ.

"ಅವ್ವಾ, ಅಪ್ಪಾಗ ಜ್ಞಾನ ಯಾವಾಗ ಬರ್ತದ?"

"ಬರ್ತದವಾ. ನೀ ಗದ್ದಲ ಮಾಡಬ್ಯಾಡ," ಎಂದ ಅವ್ವ ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡಳು.

ಮಧ್ಯಾಹ್ನವೆಲ್ಲ ನಾನು ಬಾಗಿಲು ಕಾದೆ. ಬಂದವರಿಗೆಲ್ಲ, "ಅಪ್ಪ ಧ್ಯಾನದಾಗ ಇದ್ದಾರ" ಎಂದೆ.

ಸಂಜೆ ಪಕ್ಕದ ಮನೆಯ ಉಡುಪಿ ಆಂಟಿಗೂ ಅದನ್ನೇ ಹೇಳಿದೆ. ಅವರು ಒಳಗೆ ಇಣುಕಿ ಅವ್ವನಿಗೆ ಅಂದರು: "ಕೂತ್ಕೊಳ್ಳುದೇ ಆದ್ರೆ ನಾಳೆಯಿಂದ ನಮ್ಮ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸಿಕೊಂಡು ಕೂತ್ಕೊಳ್ಳಲಿ ಮಾರಾಯ್ತಿ. ಅಲ್ಲೂ ಎದುರಿಗೆ ಗೋಡೆಯೇ ಉಂಟು."