ಬೆಳಗಿನ ಮಂಜು

“ಕೊನೇ ಸಾಲು ಓದಿ, ಕ್ಯಾಪ್ಟನ್” ಎಂದರು ಕಣ್ಣಿನ ಡಾಕ್ಟರಮ್ಮ.

ಕ್ಯಾಪ್ಟನ್ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಗೋಡೆಯ ಪಟ್ಟಿಯನ್ನು ದಿಟ್ಟಿಸಿದರು. ಕೊನೆಯ ಸಾಲು ಹಾಗಿರಲಿ, ಮಧ್ಯದ ಸಾಲೇ ಇರುವೆ ಸಾಲಿನಂತೆ ಕಂಡಿತು. ಡಾಕ್ಟರಮ್ಮ ಇವತ್ತು ಸಹಿ ಹಾಕದಿದ್ದರೆ ನಾಳೆಯಿಂದ ವಿಮಾನ ಹಾರಿಸುವಂತಿಲ್ಲ. ಬೇರೆ ಕೆಲಸ ಅವರಿಗೆ ಗೊತ್ತೂ ಇಲ್ಲ.

“ಬಲ್ಬು ಮಂಕಾಗಿದೆ ಅನ್ಸತ್ತೆ, ಮೇಡಂ.”

“ಮೊನ್ನೆ ತಾನೇ ಹೊಸದು ಹಾಕ್ಸಿದ್ದು.”

“ಹಾಗಾದ್ರೆ ಅಚ್ಚು ಮಾಸಿರ್ಬೇಕು.”

“ನಿಮಗಿಂತ ಮುಂಚೆ ಬಂದಿದ್ರಲ್ಲ ಅಜ್ಜಿ, ಅವರು ಪೂರ್ತಿ ಓದಿದ್ರು.”

ಕ್ಯಾಪ್ಟನ್‌ಗೆ ದಿಕ್ಕೇ ತೋಚಲಿಲ್ಲ. ನಿನ್ನೆ ಸಂಜೆ ಗಾಳಿ ಮಳೆಯಲ್ಲಿ ವಿಮಾನವನ್ನು ಹೂವಿನಂತೆ ಇಳಿಸಿದ ಕಣ್ಣು ಬೆಳಗಾಗುವುದರೊಳಗೆ ಕೈಕೊಟ್ಟಿತೇ?

“ಜೊತೆಗೆ ಇನ್ನೊಂದು ಕನ್ನಡಕ ಇಟ್ಕೊಂಡಿರ್ಬೇಕಲ್ಲ, ಪೈಲಟ್‌ಗಳು? ಅದನ್ನ ಹಾಕ್ಕೊಳ್ಳಿ, ನೋಡೋಣ.”

ಕ್ಯಾಪ್ಟನ್ ಹಾಕಿದ್ದನ್ನು ತೆಗೆದಿಟ್ಟು ಬ್ಯಾಗಿಗೆ ಕೈ ಹಾಕಿದರು. ಹಾಗೇ ತಲೆಯೆತ್ತಿದವರು ಕಕ್ಕಾಬಿಕ್ಕಿಯಾದರು. ಕೊನೆಯ ಸಾಲು ಕಣ್ಣೆದುರಿಗೇ ಬಂದು ನಿಂತಿತ್ತು.

“ಮೇಡಂ... ಕನ್ನಡಕ ಇಲ್ದೇನೇ ಕಾಣ್ತಿದೆ!” ಒಂದೇ ಉಸಿರಿಗೆ ಓದಿ ಮುಗಿಸಿದರು. ಹಿಗ್ಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಡಾಕ್ಟರಮ್ಮನಿಗೂ ತಲೆಬುಡ ಗೊತ್ತಾಗದೆ, ಟಾರ್ಚ್ ಹಿಡಿದು ಹತ್ತಿರ ಬಗ್ಗಿ ನೋಡಿದರು. ನೋಡಿದವರೇ ಗೊಳ್ಳೆಂದು ನಕ್ಕುಬಿಟ್ಟರು.

“ಕಣ್ಣೊಳಗೆ ಲೆನ್ಸ್ ಹಾಕ್ಕೊಂಡು, ಅದರ ಮೇಲೆ ಕನ್ನಡಕಾನೂ ಏರಿಸ್ಕೊಂಡು ಬಂದಿದ್ದೀರಲ್ಲ ಸ್ವಾಮಿ!”

ಕ್ಯಾಪ್ಟನ್ ಹಣೆ ಚಚ್ಚಿಕೊಂಡರು. ‘ಕನ್ನಡಕದಲ್ಲಿ ತಾತನ ಥರ ಕಾಣ್ತೀಯಪ್ಪಾ’ ಎಂದು ಮಗಳು ಹಟ ಹಿಡಿದು ಹೋದ ತಿಂಗಳು ಮಾಡಿಸಿಕೊಟ್ಟ ಲೆನ್ಸ್. ಹಾಕಿಕೊಂಡರೆ ಹಾಕಿಕೊಂಡಂತೆಯೇ ಇರುವುದಿಲ್ಲ. ಬೆಳಗ್ಗೆ ಅದನ್ನು ಹಾಕಿ ಹೊರಟಿದ್ದರು. ಕಾರಿನಲ್ಲಿ ಹಳೆಯ ಕನ್ನಡಕ ಕಂಡೊಡನೆ ಕೈ ತನ್ನ ಪಾಡಿಗೆ ತಾನು ಅದನ್ನೆತ್ತಿ ಮೂಗಿಗೇರಿಸಿತ್ತು. ಹೋದ ಜೀವ ಬಂದಂತಾಗಿ ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಕಣ್ಣೇನೋ ಚೆನ್ನಾಗಿದೆ” ಎನ್ನುತ್ತಾ ಡಾಕ್ಟರಮ್ಮ ಸಹಿ ಹಾಕಲು ಪೆನ್ನು ತೆಗೆದರು. “ಅಲ್ಲ, ಬರೋವಾಗ ಕಾರು ಯಾರು ಓಡ್ಸಿದ್ದು? ದಾರಿ ಮಸುಕಾಗಿ ಕಾಣ್ಲಿಲ್ವಾ?”

“ನಾನೇ ಓಡ್ಸಿದ್ದು. ಮಸುಕಾಗೇ ಇತ್ತು ಮೇಡಂ. ಮಂಜು ಬಿದ್ದಿದೆ ಅಂದ್ಕೊಂಡು ವೈಪರ್ ಹಾಕ್ಕೊಂಡೇ ಬಂದೆ” ಎಂದರು ಕ್ಯಾಪ್ಟನ್, ಇನ್ನೂ ನಗುತ್ತಲೇ.

ಡಾಕ್ಟರಮ್ಮನ ನಗು ನಿಂತಿತು. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಹೋಗಿ, ಪರೀಕ್ಷೆಗೆಂದು ಎಳೆದಿದ್ದ ಕಿಟಕಿಯ ಪರದೆಯನ್ನು ಸರಿಸಿದರು.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕ್ಯಾಪ್ಟನ್ನರ ಕಾರಿನ ವೈಪರ್, ಒಣಗಿದ ಗಾಜಿನ ನಟ್ಟನಡುವೆ ಹಾಗೆಯೇ ನಿಂತಿತ್ತು.