ಕೆಡದ ಔಷಧಿ

ಜವರಮ್ಮ ಫ್ರಿಜ್ಜಿನ ಬಾಗಿಲು ತೆಗೆದಳು. ಚಪಾತಿ ಲಟ್ಟಿಸುತ್ತಿದ್ದ ರಮ್ಯಳ ಕೈ ಅಲ್ಲೇ ನಿಂತಿತು.

“ಏನ್ ಬೇಕಿತ್ತತ್ತೆ? ನಾನೇ ಕೊಡ್ತಿದ್ನಲ್ಲ.”

“ಮೊಸ್ರು ಕಣವ್ವ.” ಅತ್ತೆಯ ಕೈ ಮೊಸರಿನ ಪಾತ್ರೆಯನ್ನು ದಾಟಿ ಹಿಂದಿನ ಮೂಲೆಗೆ ಹೋಯಿತು. ಅಲ್ಲಿದ್ದ ಕಂದು ಬಣ್ಣದ ಪುಟ್ಟ ಬಾಟಲಿಯನ್ನು ಬೆರಳು ಮುಟ್ಟಿ ನೋಡಿತು. “ನಿನ್ನ ಈ ಕೆಮ್ಮಿನ ಔಸ್ದಿ ಇನ್ನೂ ಕೆಟ್ಟಿಲ್ವ?”

“ಇಲ್ಲತ್ತೆ. ಗಾಳಿ ಆಡ್ದಂಗೆ ಮುಚ್ಚಿ ತಣ್ಣಗಿಟ್ರೆ ಕೆಡಲ್ಲ.”

“ಒಳ್ಳೇದಾಯ್ತು ಬುಡು,” ಎಂದು ಜವರಮ್ಮ ಮೊಸರು ತೆಗೆದುಕೊಂಡು ಹೋದಳು.

ರಮ್ಯಳಿಗೆ ಕೆಮ್ಮಿರಲಿಲ್ಲ. ಬಾಟಲಿಯಲ್ಲಿದ್ದದ್ದು ವೈನ್.

ಹುಲ್ಲಹಳ್ಳಿಯ ಆ ಮನೆಯಲ್ಲಿ ಲಿಂಗಪೂಜೆಯಾಗದೆ ಒಲೆ ಹೊತ್ತುತ್ತಿರಲಿಲ್ಲ. ಅಂಥ ಮನೆಯೊಳಗೆ ವೈನ್ ಬರಲು ಕಾರಣ ರಮ್ಯಳೇ. ಮದುವೆಯಾಗಿ ವರ್ಷ ತುಂಬಿದ ದಿನ, “ಒಂದ್ಸಲ ರುಚಿ ನೋಡ್ಬೇಕು ಕಣ್ರೀ” ಎಂದು ಗಂಡನನ್ನು ಪೀಡಿಸಿದ್ದಳು. ನಂಜೇಶ್ ನಗುತ್ತಲೇ ನಂಜನಗೂಡಿನಿಂದ ಒಂದು ಚಿಕ್ಕ ಬಾಟಲಿ ತಂದ. ಬಿರಡೆ ಕೀಳಲು ಬಾರದೆ ಸ್ಕ್ರೂಡ್ರೈವರಿನಿಂದ ಒಳಕ್ಕೇ ತಳ್ಳಿದ. ಮಹಡಿಯ ಮೇಲೆ ಇಬ್ಬರೂ ಸ್ಟೀಲ್ ಲೋಟದಲ್ಲಿ ಕುಡಿದು, ಒಗರಿಗೆ ಮುಖ ಕಿವುಚಿ, ಅತ್ತೆಗೆ ಕೇಳಿಸದಂತೆ ನಕ್ಕರು.

“ಮಿಕ್ಕಿದ್ದ ಮಡಗು. ಇನ್ನೊಂದಿನಕ್ಕಾಯ್ತದೆ,” ಎಂದ ನಂಜೇಶ್.

ಮರುದಿನ ಬೆಳಿಗ್ಗೆ ನಾಲೆಯ ತಿರುವಿನಲ್ಲಿ ಅವನ ಬೈಕಿಗೆ ಕಬ್ಬಿನ ಟ್ರ್ಯಾಕ್ಟರ್ ಗುದ್ದಿತು.

ಮಣ್ಣು ಮಾಡುವ ಹೊತ್ತಿನಲ್ಲಿ ಹಿರಿಯರೊಬ್ಬರು ಪಿಸುಗುಟ್ಟಿದರು, “ಉಡ್ಗ ಏನಾರ ಕುಡ್ದಿದ್ನಾ?” ಕುಸಿದು ಕೂತಿದ್ದ ಜವರಮ್ಮ ಎದ್ದು ನಿಂತಳು. “ನನ್ ಮಗ ಒಂದು ತೊಟ್ಟು ಮುಟ್ದೋನಲ್ಲ!” ರಮ್ಯ ತಲೆ ತಗ್ಗಿಸಿದಳು. ರಾತ್ರಿಯ ನಾಲ್ಕು ಗುಟುಕಿಗೂ ಬೆಳಗಿನ ಟ್ರ್ಯಾಕ್ಟರಿಗೂ ಸಂಬಂಧವಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಆ ಮಾತು ಸುಟ್ಟಿತು. ಲಿಂಗ ಕಟ್ಟಿದ ಹೆಂಗಸಿನ ಬಾಯಲ್ಲಿ ಸುಳ್ಳು ಆಡಿಸಿದವಳು ತಾನು.

ಮಿಕ್ಕಿದ್ದನ್ನು ಚೆಲ್ಲಲು ಕೈ ಬರಲಿಲ್ಲ. ಅವನು ಕೊನೆಯದಾಗಿ ತೆರೆದದ್ದು ಅದು. ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದ ರಮ್ಯ ಫೋನಿನಲ್ಲಿ ಹುಡುಕಿ ಓದಿದಳು. ತೆರೆದ ವೈನಿಗೆ ಗಾಳಿಯೇ ಶತ್ರು. ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಬೇಕು, ತಣ್ಣಗಿನ ಜಾಗದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಹಾಗೆ ಮಾಡಿದರೂ ಕೆಲವೇ ದಿನ ಎಂದೂ ಅಲ್ಲಿ ಬರೆದಿತ್ತು. ಆ ಸಾಲನ್ನು ಅವಳು ನಂಬಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯೊಂದನ್ನು ಕುದಿಸಿ ತೊಳೆದು, ಅದಕ್ಕೆ ತುಂಬಿದಳು. ವೈನಿನ ಖಾಲಿ ಬಾಟಲಿಯನ್ನು ಗುಜರಿ ಚೀಲದ ತಳಕ್ಕೆ ತುರುಕಿದಳು.

ಮನಸ್ಸು ತಡೆಯದಾದಾಗ ಒಂದು ಚಮಚ ನಾಲಗೆಗೆ ಹಾಕಿಕೊಳ್ಳುತ್ತಿದ್ದಳು. ಕಡಿಮೆಯಾದ ಜಾಗ ತುಂಬಲು ತೊಳೆದ ಗಾಜಿನ ಗೋಲಿಯೊಂದನ್ನು ಒಳಗೆ ಬಿಡುತ್ತಿದ್ದಳು. ತಿಂಗಳುಗಳು ಕಳೆದವು. ಅದೇ ಒಗರು, ಅದೇ ಘಮ. ಅವನೇ ಕೆಡದಂತೆ ಕಾಯುತ್ತಿದ್ದಾನೆ ಅನ್ನಿಸುತ್ತಿತ್ತು. ಚಮಚ ತೊಳೆಯುವಾಗ ಮಾತ್ರ, ಪೂಜೆಗೆ ಕೂತ ಅತ್ತೆಯ ದನಿ ಕಿವಿಗೆ ಬಿದ್ದು ಮೈ ಹಿಡಿಯಾಗುತ್ತಿತ್ತು.

ಮಗ ಹೋದ ಮೇಲೆ ಜವರಮ್ಮ ಒಂದು ವ್ರತ ಹಿಡಿದಿದ್ದಳು. ಸೋಮವಾರ ಬಂತೆಂದರೆ ಬಸ್ಸು ಹತ್ತಿ ನಂಜನಗೂಡಿಗೆ, ನಂಜುಂಡೇಶ್ವರನ ದರ್ಶನಕ್ಕೆ. ರಮ್ಯ ತಾನೂ ಬರುತ್ತೇನೆಂದರೆ, “ನೀ ಅಂಗ್ಡಿಗೋಗು ಮಗ, ನಾ ಒಬ್ಳೇ ಓಯ್ತೀನಿ” ಅನ್ನುತ್ತಿದ್ದಳು. ಸಂಜೆ ಸೊಸೆಯ ಹಣೆಗೆ ದೇವಸ್ಥಾನದ ವಿಭೂತಿ ಇಡುತ್ತಿದ್ದಳು. ಆಗೆಲ್ಲ ರಮ್ಯಳಿಗೆ ಕಾಲಿಗೆ ಬಿದ್ದು ಹೇಳಿಬಿಡೋಣ ಅನ್ನಿಸುತ್ತಿತ್ತು.

ಅತ್ತೆ ಔಷಧಿ ಕೆಟ್ಟಿಲ್ವಾ ಎಂದು ಕೇಳಿದ ವಾರದ ಶನಿವಾರ, ಫ್ರಿಜ್ ಒರೆಸುವಾಗ ಬಾಟಲಿ ಕೈಜಾರಿತು. ನೆಲದ ತುಂಬ ಕೆಂಪು. ಅತ್ತೆ ಹೊಲದಿಂದ ಬರುವಷ್ಟರಲ್ಲಿ ಗಾಜು ಬಳಿದು, ನೆಲ ಒರೆಸಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಭಾನುವಾರ ಗೆಳತಿಯ ಮನೆಗೆಂದು ಸುಳ್ಳು ಹೇಳಿ ನಂಜನಗೂಡಿಗೆ ಹೋದಳು. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಸ್ ನಿಲ್ದಾಣದ ಹಿಂದಿನ ವೈನ್ ಸ್ಟೋರಿನ ಮುಂದೆ ನಿಂತಳು. ಹೊಸದು ಅವನು ತೆರೆದದ್ದಾಗದು. ಘಮವಾದರೂ ಸಿಗಲಿ. ಅತ್ತೆ ಔಷಧಿ ಎಲ್ಲಿ ಅಂದರೆ ತೋರಿಸಲಾದರೂ ಆಗಲಿ.

ಅವಳು ಆ ವೈನಿನ ಹೆಸರು ಹೇಳಿದಾಗ ಅಂಗಡಿಯ ಕಾಂತರಾಜು ತಲೆ ಕೆರೆದುಕೊಂಡ. “ಒಂದೇ ಒಂದು ಅದೆ ಮೇಡಂ. ನಾಳೆ ಒಬ್ರು ಅಜ್ಜಿ ಬತ್ತಾರೆ, ಅವ್ರಿಗೇಂತ ಮಡಗಿರೋದು.”

“ಅಜ್ಜೀಗಾ?”

“ಊಂ. ಉಲ್ಲಳ್ಳಿ ಕಡೆಯೋರು. ಅಣೆ ತುಂಬ ಈಬೂತಿ, ಕತ್ತಲ್ಲಿ ಲಿಂಗ. ಮೊದುಲ್ನೇ ಸಲ ಖಾಲಿ ಬಾಟ್ಲಿ ಸೆರಗಲ್ಲಿ ಸುತ್ಕೊಂಡು ಬಂದು, ‘ಇಂಥದ್ದೇ ಕೊಡಪ್ಪ’ ಅಂದ್ರು. ಆವತ್ತಿಂದ ಒಂದು ಸೋಮ್ವಾರಾನೂ ತಪ್ಪಿಲ್ಲ. ಒಂದು ಕೆಮ್ಮಿನ ಔಸ್ದಿ ಬಾಟ್ಲಿ ತತ್ತಾರೆ. ಅದ್ರಲ್ಲಿರೋದ ಚೆಲ್ಸಿ, ಎಷ್ಟಿತ್ತೋ ಅಷ್ಟೇ ಮಟ್ಟಕ್ಕೆ ಹೊಸಾದು ಉಯ್ಸ್ಕೊಂಡು ಓಯ್ತಾರೆ.”

ರಮ್ಯ ಕೌಂಟರಿನ ಕಂಬಿ ಹಿಡಿದುಕೊಂಡಳು. “ಕುಡಿಯಕ್ಕಾ?”

“ಅಯ್ಯೋ, ಮೂಗಿಗೆ ಸೆರಗು ಇಡ್ಕೊಂಡು ನಿಂತಿರ್ತಾರೆ! ನಾನೂ ತಡೀನಾರ್ದೆ ಒಂದಿನ ಯಾಕಜ್ಜಿ ಅಂತ ಕೇಳೇಬುಟ್ಟೆ. ‘ಇದು ನನ್ ಮಗ ಬಾಯಿ ತೆಗ್ದು ಮಡಗೋಗಿರೋದು ಕಣಪ್ಪ,’ ಅಂದ್ರು. ‘ಇದು ಕೆಟ್ಟೋದ ದಿನ, ನನ್ ಸೊಸೆ ಪಾಲ್ಗೆ ಅವ್ನು ಇನ್ನೊಂದ್ಸಲ ಸತ್ತೋಯ್ತಾನೆ.’”