ಎಡಕ್ಕೆ ಎಳೆಯುವ ಕಾರು

“ಎಡಕ್ಕ ಹೊಂಟದ! ಸ್ಟೇರಿಂಗ್ ಸೀದಾ ಹಿಡಿ ಅಂದ್ರ ತಿಳೀವಲ್ದೇನು ನಿನಗ?”

ಬೀದರಿನಿಂದ ಭಾಲ್ಕಿ ಮುಟ್ಟುವಷ್ಟರಲ್ಲಿ ಬಸವಣ್ಣೆಪ್ಪ ಹೆಂಡತಿಗೆ ಇದನ್ನು ಇಪ್ಪತ್ತು ಸಲವಾದರೂ ಹೇಳಿದ್ದರು. ಐವತ್ತೊಂದರ ಅನುಸೂಯಾಬಾಯಿ ಹಲ್ಲು ಕಚ್ಚಿ ಕಾರನ್ನು ಬಲಕ್ಕೆ ಎಳೆದುಕೊಂಡರು. ಹನ್ನೊಂದಕ್ಕೆ ಡ್ರೈವಿಂಗ್ ಟೆಸ್ಟು. ಹೋದ ಸಲ ಎಡಗಡೆಯ ಗೆರೆ ದಾಟಿ ಫೇಲಾಗಿದ್ದರು. ಈ ಸಲವೂ ಫೇಲಾದರೆ ಕಾರನ್ನೇ ಮಾರಿಬಿಡುತ್ತೇನೆಂದು ಗಂಡ ಖಡಾಖಂಡಿತ ಹೇಳಿಯಾಗಿತ್ತು. ಔರಾದಿನ ಗಿರಾಕಿಯೊಬ್ಬ ನಾಳೆಯೇ ಬರುವವನಿದ್ದ. ತವರೂರು ಡಾಬಕಾಕ್ಕೆ ತಾನೇ ಕಾರು ಹೊಡೆದುಕೊಂಡು ಹೋಗಬೇಕು, ಅಣ್ಣತಮ್ಮಂದಿರು ಬಾಯಿ ತೆರೆದು ನೋಡಬೇಕು ಎಂಬ ಆಸೆ ಅವರ ಮನಸ್ಸಿನಲ್ಲಿ ಕುಣಿಯುತ್ತಿತ್ತು. ಆದರೆ ಈ ಹಾಳು ಕೈ ಮಾತು ಕೇಳಬೇಕಲ್ಲ!

ಟೆಸ್ಟಿನ ಮೈದಾನ ಇನ್ನೇನು ಬಂತು ಎನ್ನುವಾಗ ನೀರು ಕುಡಿಯಲೆಂದು ಪಂಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. ಅಂಗಡಿಯ ಗುಲಾಮ ರಸೂಲ ಕೂತಲ್ಲಿಂದಲೇ ಕತ್ತು ಚಾಚಿದ.

“ಅಕ್ಕಾರ, ಮುಂದಿನ ಎಡಗಾಲಿ ಕೂತದಲ್ರಿ. ಹವಾ ನೋಡಿಲ್ಲೇನು?”

“ದಿನಾ ನೋಡ್ತೇನಿ ನಾನು!” ಬಸವಣ್ಣೆಪ್ಪ ಸಿಡುಕಿದರು. ನೋಡುವುದೆಂದರೆ, ಬೆಳಿಗ್ಗೆ ಕಾರು ತೊಳೆದು, ಗಾಜಿಗೆ ವಿಭೂತಿ ಹಚ್ಚಿ, ನಾಲ್ಕೂ ಟಯರಿಗೆ ಒಂದೊಂದು ಒದೆ ಕೊಡುವುದು. ಧಬ್ ಎಂದರೆ ಗಾಳಿ ಸರಿ ಇದೆ! ಗಾಳಿಯನ್ನು ಕಾಲಿನಿಂದ ಅಳೆಯುವ ಈ ವಿದ್ಯೆಯನ್ನು ಅವರಿಗೆ ಯಾರು ಕಲಿಸಿದರೋ ಶಿವನೇ ಬಲ್ಲ.

ಗುಲಾಮ ರಸೂಲ ಟಯರಿನ ವಾಲ್ವಿಗೆ ಗಾಳಿ ಅಳೆಯುವ ಮೀಟರ್ ಒತ್ತಿದ. “ಹದಿನಾರು! ಮೂವತ್ಮೂರು ಇರಬೇಕ್ರಿ ಇದು.” ಬೆರಳು ಎಂಜಲು ಮಾಡಿ ವಾಲ್ವಿನ ಬಾಯಿಗೆ ಹಚ್ಚಿದ. ಪುಟ್ಟ ಗುಳ್ಳೆಯೊಂದು ಉಬ್ಬಿ ಒಡೆಯಿತು. “ವಾಲ್ವಿನ ಪಿನ್ ಹೋಗ್ಯದ. ಎರಡು ಮೂರು ತಿಂಗಳಿಂದ ಸಣ್ಣಗ ಸೋರಲತ್ತದ. ಹವಾ ಕಮ್ಮಿ ಇದ್ದ ಕಡಿಗಿ ಗಾಡಿ ಎಳೀತದ್ರಿ. ಯಾರ್ ಹಿಡದ್ರೂ ಎಳೀತದ.”

ಮೂರು ತಿಂಗಳು! ತಾನು ಕಲಿಯತೊಡಗಿಯೂ ಅಷ್ಟೇ ದಿನವಾಗಿತ್ತು. ಅನುಸೂಯಾಬಾಯಿ ಗಡಿಯಾರ ನೋಡಿದರು. “ಲಗೂ ಹೊಡೀರಿ ಅಣ್ಣಾ, ಹತ್ತೇ ಮಿನಿಟ ಅದ!” ಪಿನ್ ಬದಲಾಯಿತು, ಪಂಪು ಗುಡುಗುಟ್ಟಿತು, ಟಯರು ಮೇಲೆದ್ದಿತು.

ಮೈದಾನದಲ್ಲಿ ಕಾರು ಹೇಳಿದ ಮಾತು ಕೇಳಿತು. ಬಿಳಿ ಗೆರೆ ಎಡಕ್ಕೇ ಉಳಿಯಿತು, ಎಂಟರ ಆಕಾರದ ಸುತ್ತೂ ಮುಗಿಯಿತು. ಟೆಸ್ಟಿನ ಸಾಹೇಬರು ಸಹಿ ಹಾಕಿದ್ದೇ ತಡ, ಅನುಸೂಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಕಡೆಗೆ ಓಡಿದರು.

“ಪಾಸಾದೆ ನೋಡ್ರಿ! ನನ್ನ ಕೈಯಾಗ ಏನೂ ಐಬು ಇದ್ದಿದ್ದಿಲ್ಲ! ಮೂರು ತಿಂಗಳು ಸುಮ್ಮಸುಮ್ಮನ ಬೈಸ್ಕೊಂಡೆ! ಈಗರೆ ಒಂದು ಮಾತಾಡ್ರಿ.”

ಬಸವಣ್ಣೆಪ್ಪ ಬಗ್ಗಿ ಮುಂದಿನ ಎಡಗಾಲಿಯನ್ನು ಮುಟ್ಟಿ ನೋಡಿದರು. ಅವರು ಸ್ಟೇರಿಂಗ್ ಮುಟ್ಟದೆ ಎರಡು ತಿಂಗಳಾಗಿತ್ತು. ಕೇಳಿದಾಗಲೆಲ್ಲ, ನೀನೇ ಹೊಡಿ, ರೂಢಿಯಾಗಲಿ, ಎಂದುಬಿಡುತ್ತಿದ್ದರು.

“ನಾ ಹಿಡದಾಗೂ ಎಳೀತಿತ್ತು,” ಎಂದರು ಮೆಲ್ಲಗೆ.

“ಏನಂದ್ರಿ?”

“ವಯಸ್ಸಾತು, ನನ್ನ ಕೈಯಾಗಿನ ಕಸುವು ಹೋತು ಅನ್ಕೊಂಡಿದ್ದೆ. ಯಾರ ಮುಂದ ಹೇಳ್ಲಿ? ಅದಕ್ಕ ಮಾರಬೇಕಂದೆ.”

ಅನುಸೂಯಾಬಾಯಿಗೆ ಸಿಟ್ಟೂ ಬಂತು, ಕಣ್ಣೀರೂ ಬಂತು. ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ನಿಂತರು. ಅಷ್ಟರಲ್ಲಿ ಬಸವಣ್ಣೆಪ್ಪ ಅಂಗೈ ಮುಂದೆ ಚಾಚಿದರು. ಮುಖದಲ್ಲಿ ಹುಡುಗನ ಅವಸರ.

“ಚಾವಿ ಕೊಡ್ತಿ? ಬೀದರ ತನಕಾ ಬ್ಯಾಡ. ಆ ತಿರುವಿನ ತನಕಾ ಸಾಕು.”